ಹುಳಮನೆ ಗಾಡಿಯ ಎರಡನೇ ಬ್ಯಾಟರಿ

ನಮ್ಮ ಗಾಡಿಯಲ್ಲಿ ಎರಡು ಬ್ಯಾಟರಿಗಳಿದ್ದವು. ಮುಂದಿನದು ಎಂಜಿನ್ನಿಗೆ. ಅದನ್ನು ಚಿಕ್ಕಪ್ಪ ಗಾಡಿ ಬ್ಯಾಟರಿ ಎನ್ನುತ್ತಿದ್ದರು. ಹಿಂದೆ, ಕೊನೆಯ ಸೀಟಿದ್ದ ಜಾಗದಲ್ಲಿ ತಗಡಿನ ಪೆಟ್ಟಿಗೆಯೊಳಗೆ ಕೂತಿದ್ದದ್ದು ಮನೆ ಬ್ಯಾಟರಿ. ಗಾಡಿ ಬ್ಯಾಟರಿ ಸತ್ತರೆ ನಾಲ್ಕು ಜನರನ್ನು ಕರೆದು ತಳ್ಳಿಸಬಹುದು. ಮನೆ ಬ್ಯಾಟರಿ ಸತ್ತರೆ ಯಾರನ್ನು ಕರೆದರೂ ಉಪಯೋಗವಿಲ್ಲ. ಏಪ್ರಿಲ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ, ಗೌರಿಬಿದನೂರಿಗೆ ಸೇರಿದ ಒಂದು ಹಳ್ಳಿಯ ಹಿಪ್ಪುನೇರಳೆ ತೋಟದ ಬದಿಯಲ್ಲಿ ನಾವು ನಿಂತಿದ್ದಾಗ ಅದು ಸತ್ತಿತು.

ಆ ಗಾಡಿ ಒಂದು ಹಳೆಯ ಮಿನಿ ಬಸ್ಸು. ಚಿಕ್ಕಪ್ಪ ಬೇರೆಯವರ ಕೈಕೆಳಗೆ ಡ್ರೈವರಾಗಿ ಅದನ್ನೇ ಗೌರಿಬಿದನೂರು, ಚಿಂತಾಮಣಿ ನಡುವೆ ವರ್ಷಗಟ್ಟಲೆ ಓಡಿಸಿದ್ದರು. ಜನರನ್ನು ಹತ್ತಿಸುವ ವಯಸ್ಸು ಅದಕ್ಕೆ ಮೀರಿದಾಗ ತಾವೇ ಕೊಂಡರು. ನಾನು ಆಗಷ್ಟೇ ರೇಷ್ಮೆ ಕೃಷಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ರೇಷ್ಮೆ ಹುಳುವಿನ ಮೊದಲ ಎಂಟು ಹತ್ತು ದಿನ ಬಹಳ ಸೂಕ್ಷ್ಮ. ಆ ಮರಿ ಹುಳುಗಳನ್ನು ಸಾಕಿಕೊಡುವ ಚಾಕಿ ಕೇಂದ್ರಗಳು ದೊಡ್ಡ ಊರುಗಳ ಪಕ್ಕದಲ್ಲಿದ್ದವು. ಅರ್ಧ ಎಕರೆ ಸೊಪ್ಪಿರುವ ಒಳಹಳ್ಳಿಗಳ ಹೆಂಗಸರಿಗೆ ಅವು ದೂರ. ಕೇಂದ್ರವನ್ನೇ ಗಾಡಿಯಲ್ಲಿಟ್ಟು ಅವರ ತೋಟದ ಬದಿಗೆ ಒಯ್ದರೆ ಹೇಗೆ ಎಂದು ನಾನು ಕೇಳಿದೆ. ಚಿಕ್ಕಪ್ಪ ಎರಡು ದಿನ ಗಾಡಿಯ ಒಳಗನ್ನು ಟೇಪು ಹಿಡಿದು ಅಳೆದರು. ಮೂರನೆಯ ದಿನ ಸೀಟುಗಳನ್ನು ಬಿಚ್ಚಲು ಶುರುಮಾಡಿದರು.

ಸೀಟು ಕಿತ್ತ ಜಾಗದಲ್ಲಿ ಎರಡೂ ಬದಿಗೆ ತಟ್ಟೆಗಳ ಸ್ಟ್ಯಾಂಡು ಬಂತು. ಡ್ರೈವರ್ ಸೀಟಿನ ಹಿಂದೆ ಚಿಕ್ಕಪ್ಪನಿಗೆ ಒಂದು ಹಲಗೆ, ಪರದೆಯ ಆಚೆ ನನಗೆ ಒಂದು ಹಲಗೆ. ಎಂಟು ತಿಂಗಳು ನಾವು ಬದುಕಿದ್ದು ಅದರೊಳಗೆ. ಅಡುಗೆ ಮಾತ್ರ ಹೊರಗೆ, ಮರದ ಕೆಳಗೆ, ಗಾಳಿ ಗಾಡಿಯ ಕಡೆ ಬೀಸದ ದಿಕ್ಕಿನಲ್ಲಿ. ಹುಳುವಿಗೆ ಹೊಗೆ ಆಗದು. ಊದುಬತ್ತಿ, ಪೌಡರು, ಸೊಳ್ಳೆ ಬತ್ತಿ ಆಗದು. ತಂಬಾಕಂತೂ ವಿಷವೇ. ಚಿಕ್ಕಪ್ಪ ಇಪ್ಪತ್ತೈದು ವರ್ಷದ ಬೀಡಿಯನ್ನು ಬಿಟ್ಟು ಬಾಯಲ್ಲಿ ಲವಂಗ ಇಟ್ಟುಕೊಂಡು ತಿರುಗುತ್ತಿದ್ದರು. "ಮದುವೆಯಾದಾಗ ನಿಮ್ಮ ಚಿಕ್ಕಮ್ಮ ಅತ್ತು ಕರೆದು ಮಾಡಿದ್ರೂ ಬಿಡಲಿಲ್ಲ ಕಣಮ್ಮ. ಕೊನೆಗೆ ಹುಳಕ್ಕೆ ಬಿಟ್ಟೆ ನೋಡು," ಎಂದು ನಗುತ್ತಿದ್ದರು.

ಮರಿ ಹುಳುಗಳಿಗೆ ಇಪ್ಪತ್ತೈದು ಡಿಗ್ರಿಯ ಆಸುಪಾಸಿನ ತಂಪು, ಜೊತೆಗೆ ತೇವ ಬೇಕು. ಎರಡು ಫ್ಯಾನು, ಗೋಣಿತಾಟಿನ ಮೇಲೆ ನೀರು ಇಳಿಸುವ ಒಂದು ಸಣ್ಣ ಪಂಪು ಅದನ್ನು ನೋಡಿಕೊಳ್ಳುತ್ತಿದ್ದವು. ಹಳ್ಳಿಯ ಕರೆಂಟನ್ನು ನಂಬುವಂತಿರಲಿಲ್ಲ. ಇದ್ದಾಗ ಚಾರ್ಜ್ ಮಾಡಿಕೊಂಡು, ಇಲ್ಲದಾಗ ಮನೆ ಬ್ಯಾಟರಿಯಲ್ಲಿ ನಡೆಸಬೇಕು.

ಆ ಹಳ್ಳಿಯಲ್ಲಿ ಅದು ನಮ್ಮ ಮೂರನೆಯ ಬೆಳೆ. ಮೊದಲನೆಯದರಲ್ಲಿ ಮೂರರಲ್ಲಿ ಒಂದು ಪಾಲು ಹುಳು ಸತ್ತಿದ್ದವು. ಎರಡನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು. ಚಿಕ್ಕಪ್ಪ ಸಿಟ್ಟಿಲ್ಲದೆ ಒಂದು ಮಾತು ಹೇಳಿದ್ದರು: "ಈ ಸಲವೂ ಆಗಲಿಲ್ಲ ಅಂದ್ರೆ ಗಾಡಿ ಗುಜರಿಗೆ ಹಾಕಣ. ಯಾರ ತಪ್ಪೂ ಅಲ್ಲ." ಯಾರ ತಪ್ಪೂ ಅಲ್ಲ ಎಂಬ ಮಾತನ್ನು ನಾನು ಒಪ್ಪಿರಲಿಲ್ಲ. ತಪ್ಪು ಯಾರದು ಎಂದು ಆಗಲೇ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ.

ನಾವು ನಿಂತಿದ್ದ ತೋಟ ಐವತ್ತು ದಾಟಿದ ಒಬ್ಬ ಹೆಂಗಸಿನದು. ಗಾಡಿಗೆ ಎಳೆ ಸೊಪ್ಪು ಕೊಡುತ್ತಿದ್ದವರು ಅವರು, ಬೆಳೆದ ಮರಿಗಳನ್ನು ಮೊದಲು ಒಯ್ಯುತ್ತಿದ್ದವರೂ ಅವರೇ. ಅವರ ಸೊಂಟದಲ್ಲಿ ಸದಾ ಒಂದು ನಶ್ಯದ ಡಬ್ಬಿ. ಎರಡನೇ ಬೆಳೆಯ ಹುಳು ಸಾಯುತ್ತಿದ್ದಾಗ, ಸೊಪ್ಪು ಬಿಡಿಸಲು ಬಂದಿದ್ದ ನಾಲ್ಕು ಹೆಂಗಸರ ಎದುರಿಗೆ ನಾನು ಅವರಿಗೆ ಹೇಳಿದ್ದೆ: "ನಶ್ಯದ ಕೈಯಲ್ಲಿ ಸೊಪ್ಪು ಬಿಡಿಸಿದ್ದೀರಮ್ಮ. ಅದಕ್ಕೇ ಹುಳ ಸತ್ತಿದ್ದು." ನಾನು ದನಿ ಎತ್ತಲಿಲ್ಲ. ನಾನು ಎಂದೂ ದನಿ ಎತ್ತುವವಳಲ್ಲ. ಅವರು ತಮ್ಮ ಹೆಬ್ಬೆರಳು ತೋರುಬೆರಳುಗಳನ್ನು ಒಮ್ಮೆ ನೋಡಿಕೊಂಡರು, ಸೆರಗಿಗೆ ಒರೆಸಿಕೊಂಡು ಹೊರಟುಹೋದರು. ಮೂರನೇ ಬೆಳೆಗೆ ನಾವು ಮತ್ತೆ ಬಂದಾಗ ತೋಟದ ಬದಿಯಲ್ಲಿ ಜಾಗ ಗುಡಿಸಿಟ್ಟಿದ್ದರು. ತಪ್ಪು ಒಪ್ಪಿಕೊಂಡಿದ್ದಾರೆ ಎಂದು ನಾನು ತಿಳಿದೆ.

ಈ ಸಲದ ಮೊಟ್ಟೆಗಳಲ್ಲಿ ಮಂಗಳವಾರ ಬೆಳಿಗ್ಗೆ ನೀಲಿ ಚುಕ್ಕೆ ಕಂಡಿತ್ತು. ಒಳಗಿನ ಮರಿಯ ತಲೆ ಅದು. ಚುಕ್ಕೆ ಕಂಡ ಕೂಡಲೇ ಮೊಟ್ಟೆ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ ಎರಡು ದಿನ ಕತ್ತಲಲ್ಲಿಡಬೇಕು. ಮುಂಚೆ ಸಿದ್ಧವಾದ ಮರಿಗಳು ಕತ್ತಲಲ್ಲಿ ಕಾಯುತ್ತವೆ, ತಡವಾದವು ಅಷ್ಟರಲ್ಲಿ ಸಿದ್ಧವಾಗುತ್ತವೆ. ಮೂರನೆಯ ಬೆಳಿಗ್ಗೆ ಕಾಗದ ಬಿಚ್ಚಿ ಬೆಳಕಿಗೆ ಹಿಡಿದರೆ ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ಅಂದರೆ ಗುರುವಾರ ಬೆಳಿಗ್ಗೆ ಆರು ಗಂಟೆ. ಅದನ್ನು ಮುಂದೂಡಲು ಯಾರಿಂದಲೂ ಆಗದು.

ಕರೆಂಟಿಲ್ಲದ ಆ ಮಂಗಳವಾರ ಹನ್ನೆರಡೂವರೆಗೆ ಫ್ಯಾನುಗಳ ಸದ್ದು ಬದಲಾಯಿತು. ಒಂದು ಗಂಟೆಗೆ ನಿಂತವು. ಒಳಗಿನ ಥರ್ಮಾಮೀಟರು ಇಪ್ಪತ್ತೆಂಟರಿಂದ ಮೂವತ್ತೊಂದಕ್ಕೆ, ಅಲ್ಲಿಂದ ಮೂವತ್ತಮೂರಕ್ಕೆ ಹತ್ತಿತು. ಹಳ್ಳಿಯ ಹುಳಮನೆಗಳಲ್ಲೆಲ್ಲ ಆಗ ದೊಡ್ಡ ಹುಳುಗಳಿದ್ದವು. ದೊಡ್ಡ ಹುಳುವಿನ ರೋಗ ಎಳೆಯದಕ್ಕೆ ತಗಲುವುದರಿಂದ ಮೊಟ್ಟೆಗಳನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ. ವಾಸದ ಮನೆಗಳಲ್ಲಿ ಒಲೆಯ ಹೊಗೆ. ಚಿಕ್ಕಪ್ಪ ಒಂದು ತುಂಡು ತಂತಿ ಎಳೆದು ಫ್ಯಾನುಗಳನ್ನು ಗಾಡಿ ಬ್ಯಾಟರಿಗೆ ಸಿಕ್ಕಿಸಿ ಎಂಜಿನ್ ಚಾಲೂ ಮಾಡಿದರು.

"ಇನ್ನು ಇದನ್ನ ನಿಲ್ಸಂಗಿಲ್ಲ," ಎಂದರು. "ನಿಲ್ಸಿದ್ರೆ ಇರೋ ಒಂದು ಬ್ಯಾಟ್ರೀನೂ ಇಳ್ದೋಗುತ್ತೆ."

ನಿಂತಲ್ಲೇ ಎಂಜಿನ್ ಓಡಿದರೆ ಡೀಸೆಲ್ ಹೊಗೆ ಒಳಗೆ ನುಗ್ಗುತ್ತಿತ್ತು. ಆ ಸಂಜೆ ಬಿಸಿಲು ಇಳಿಯುವವರೆಗೆ ನಾವು ಊರಿನ ರಸ್ತೆಯಲ್ಲಿ ಸುಮ್ಮನೆ ಹೋಗಿ ಬಂದು ಮಾಡಿದೆವು, ಗಾಳಿ ಹೊಗೆಯನ್ನು ಹಿಂದಕ್ಕೆ ಒಯ್ಯಲಿ ಎಂದು. ಊರಿನವರು ಕಟ್ಟೆಯ ಮೇಲೆ ಕೂತು ನೋಡಿದರು. "ಮದುವೆ ಗಾಡಿ ತಪ್ಪಿಸ್ಕೊಂಡೈತೇನಪ್ಪಾ?" ಎಂದು ಯಾರೋ ಕೂಗಿದರು. ಸದಾ ತಮಾಷೆಗೆ ತಮಾಷೆ ಹಿಂದಿರುಗಿಸುವ ಚಿಕ್ಕಪ್ಪ ಕಿಟಕಿಯ ಗಾಜು ಏರಿಸಿಕೊಂಡರು. ಅದರಿಂದಲೇ ಅವರ ಸ್ಥಿತಿ ನನಗೆ ತಿಳಿಯಿತು.

ರಾತ್ರಿಯ ತಂಪಿನಲ್ಲಿ ಫ್ಯಾನು, ಎಂಜಿನ್ ಎರಡನ್ನೂ ನಿಲ್ಲಿಸಿದ್ದೆವು. ಬುಧವಾರ ಬೆಳಿಗ್ಗೆ ಏಳು ಗಂಟೆಗೆ, ಕಪ್ಪು ಕಾಗದದ ಕಟ್ಟು ಒಳಗಿರುವಂತೆಯೇ ಹೊರಟೆವು. ಹೊರಡುವ ಮೊದಲು ನಾನು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ಒಂದೊಂದು ಫ್ಯಾನಿಗೆ ಎರಡು ಆಂಪಿಯರ್, ಪಂಪಿಗೆ ಎರಡು, ಒಟ್ಟು ಆರು. ಹತ್ತು ಗಂಟೆ ಓಡಿದರೆ ಅರವತ್ತು. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಆದ್ದರಿಂದ ನೂರಿಪ್ಪತ್ತಕ್ಕೆ ಕಡಿಮೆಯಿಲ್ಲದ್ದು ಬೇಕು, ನಿಧಾನವಾಗಿ ದಿನವಿಡೀ ಕೊಡುವಂಥದ್ದು, ಹುಳುವಿನ ಜೊತೆ ಒಂದೇ ಕೋಣೆಯಲ್ಲಿ ಇರಬಲ್ಲಂಥದ್ದು. ಇಷ್ಟು ಬರೆದ ಮೇಲೆ ಸ್ವಲ್ಪ ಧೈರ್ಯ ಬಂತು. ಬರೆದದ್ದೆಲ್ಲ ಅಂಗಡಿಯಲ್ಲಿ ಸಿಗುತ್ತದೆ ಎಂದು ನಂಬುವ ವಯಸ್ಸು ಅದು.

ಗೌರಿಬಿದನೂರಿನಲ್ಲಿ ಅಂಗಡಿಯವರು ಕರಿಯ ದಪ್ಪ ಬ್ಯಾಟರಿಯೊಂದನ್ನು ತಟ್ಟಿ ತೋರಿಸಿದರು.

"ಲಾರಿದು ಹಾಕಮ್ಮ. ಆನೆ ಇದ್ದಂಗೈತೆ."

ಲಾರಿ ಬ್ಯಾಟರಿ ಎಂಜಿನ್ ಎಬ್ಬಿಸಲು ಒಂದೇ ಸಲಕ್ಕೆ ಬಲ ಕೊಟ್ಟು ಆಮೇಲೆ ಸುಮ್ಮನಿರುವಂಥದ್ದು, ದಿನವಿಡೀ ಸ್ವಲ್ಪಸ್ವಲ್ಪ ಹೀರಿದರೆ ಅದರ ಒಳಗಿನ ಸೀಸದ ಪ್ಲೇಟುಗಳು ಬೇಗ ಉದುರುತ್ತವೆ ಎಂದು ನಾನು ಹೇಳಿದೆ.

ಅವರು ನನ್ನನ್ನು ಬಿಟ್ಟು ಚಿಕ್ಕಪ್ಪನ ಕಡೆ ತಿರುಗಿದರು. "ಅಣ್ಣ, ಎಲ್ಲಾ ಗೊತ್ತಿರೋರಿಗೆ ವ್ಯಾಪಾರ ಮಾಡಕ್ಕಾಗಲ್ಲಣ್ಣ. ನೀನಾದ್ರೂ ಹೇಳು."

"ನಾನು ಡ್ರೈವರಪ್ಪ. ಅವಳು ಹೇಳ್ದ ಕಡೆ ಓಡಿಸ್ತೀನಿ ಅಷ್ಟೆ," ಎಂದರು ಚಿಕ್ಕಪ್ಪ. ಹೊರಗೆ ಎಂಜಿನ್ ಓಡುತ್ತಲೇ ಇತ್ತು.

ಚಿಕ್ಕಬಳ್ಳಾಪುರದಲ್ಲಿ ನನ್ನ ಲೆಕ್ಕಕ್ಕೆ ಸರಿಯಾದದ್ದು ಸಿಕ್ಕಿತು. ಮನೆಗಳ ಇನ್‌ವರ್ಟರ್‌ಗೆ ಹಾಕುವ ಎತ್ತರದ ಬ್ಯಾಟರಿ, ಹೊಸದು. ನಾನು ಟೇಪು ಹಿಡಿದು ಅಳೆದೆ. ನಮ್ಮ ಪೆಟ್ಟಿಗೆಗಿಂತ ನಾಲ್ಕು ಬೆರಳು ಎತ್ತರ. ಪೆಟ್ಟಿಗೆಯ ಮುಚ್ಚಳ ಕೊಯ್ದುಬಿಡಬಹುದು ಎಂದುಕೊಳ್ಳುವಷ್ಟರಲ್ಲಿ ಅಂಗಡಿಯವರು, "ಆಸಿಡ್ ತುಂಬಿ ಮೊದಲ್ನೇ ಚಾರ್ಜ್ ಆಗ್ಬೇಕಲ್ಲ ಮೇಡಂ. ಕರೆಂಟ್ ಸರಿಯಾಗಿದ್ರೆ ಎರಡು ದಿನ. ಶುಕ್ರವಾರ ಸಂಜೆ ಬಂದ್ಬಿಡಿ," ಎಂದರು. ಮಾತು ಮುಗಿಯುವ ಮೊದಲೇ ಅವರ ಅಂಗಡಿಯ ಫ್ಯಾನು ನಿಂತಿತು. ಕರೆಂಟು ಹೋಗಿತ್ತು. ಅವರು ಮೇಲೆ ನೋಡಿ, "ಶನಿವಾರ ಇಟ್ಕೊಳ್ಳಿ," ಎಂದರು.

ಗಾಡಿಗೆ ಬಂದು ಥರ್ಮಾಮೀಟರು ನೋಡಿದೆ. ಇಪ್ಪತ್ತೊಂಬತ್ತು. ಗೋಣಿತಾಟಿನ ಮೇಲೆ ಕೈಯಿಂದ ನೀರು ಚಿಮುಕಿಸಿದೆ. ಕಪ್ಪು ಕಾಗದವನ್ನು ಮುಟ್ಟಲಿಲ್ಲ. ಮುಟ್ಟಿದರೆ ಬಿಚ್ಚಿ ನೋಡಿಬಿಡುತ್ತೇನೆ ಎಂಬ ಭಯವಿತ್ತು.

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆ ಬಿಟ್ಟ ಹೊತ್ತು. ರಸ್ತೆ ತುಂಬ ಚೀಲ ಹೊತ್ತ ಸೈಕಲ್ಲುಗಳು, ಆಟೋಗಳು. ಆ ಗಲಾಟೆಯಲ್ಲಿ ಎಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು. ಚಿಕ್ಕಪ್ಪ ಕೀಲಿ ತಿರುಗಿಸಿದರು. ಒಂದು ನಿಟ್ಟುಸಿರಿನಂಥ ಸದ್ದು ಬಂತು, ಅಷ್ಟೆ. ಫ್ಯಾನುಗಳು ಗಾಡಿ ಬ್ಯಾಟರಿಯನ್ನೂ ಹೀರಿದ್ದವು. ಚಿಕ್ಕಪ್ಪ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದೆ ನೋಡುತ್ತ ಕುಳಿತರು. ಅವರ ಬಾಯಿಯಲ್ಲಿ ಲವಂಗ ಇರಲಿಲ್ಲ. ಅವರು ಬೀಡಿ ಕೇಳಿದ್ದರೆ ಅವತ್ತು ನಾನೇ ತಂದುಕೊಡುತ್ತಿದ್ದೆ.

ನಾನು ಇಳಿದು ತಳ್ಳಲು ಶುರುಮಾಡಿದೆ. ಗೊತ್ತಿಲ್ಲದವರನ್ನು ಸಹಾಯ ಕೇಳುವುದು ನನಗೆ ಬಾರದು. ನಾನು ಒಬ್ಬಳೇ ಬಸ್ಸು ತಳ್ಳುತ್ತಿರುವುದನ್ನು ನೋಡಿ ಗೂಡು ಮಾರಿ ಬರುತ್ತಿದ್ದ ಐದಾರು ಜನ ತಾವಾಗಿಯೇ ಬಂದರು.

"ಒಳಗೇನಮ್ಮ ಐತೆ ಇಷ್ಟು ಭಾರ?"

"ಮೊಟ್ಟೆ."

"ಮೊಟ್ಟೇನಾ? ಯಾವ್ ಕೋಳೀದಮ್ಮ, ಆನೆ ಕೋಳೀದಾ?"

"ಹುಳದ ಮೊಟ್ಟೆ. ನಾಳೆ ಒಡೀಬೇಕು."

ನಗು ನಿಂತಿತು. ಅವರೆಲ್ಲ ಹುಳು ಸಾಕುವವರು. ನಾಳೆ ಒಡೆಯಬೇಕು ಎಂದರೆ ಏನೆಂದು ಅವರಿಗೆ ವಿವರಿಸಬೇಕಾಗಿರಲಿಲ್ಲ. "ಏಯ್, ಭುಜ ಕೊಡ್ರೋ!" ಎಂದು ಒಬ್ಬರು ಕೂಗಿದರು. ಗಾಡಿ ಹೊರಟಿತು.

ಅಲ್ಲಿನ ಅಂಗಡಿಯಲ್ಲಿ ಹೊಸದಾಗಿ ಬಣ್ಣ ಬಳಿದ ಹಳೆಯ ಬ್ಯಾಟರಿಗಳಿದ್ದವು. ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಒಂದು ಗಂಟೆ ದೀಪ ಹಚ್ಚಿ ಪರೀಕ್ಷೆ ಮಾಡಬಹುದೇ ಎಂದು ಕೇಳಿದೆ. "ನಂಬಿಕೆ ಇದ್ರೆ ತಗೊಳ್ಳಿ, ಇಲ್ದಿದ್ರೆ ಇಲ್ಲ," ಎಂದರು ಅಂಗಡಿಯವರು. ನಾವು ಮೆಟ್ಟಿಲಿಳಿಯುವಾಗ ಏನನ್ನಿಸಿತೋ, "ಚಿಂತಾಮಣೀಲಿ ಒಬ್ರು ಸಾಬರವ್ರೆ. ಟವರಿನ ಬ್ಯಾಟ್ರಿ ಇಟ್ಟವ್ರೆ. ಅವ್ರೂ ನಿಮ್ಮಂಗೇ, ಎಲ್ಲಾದನ್ನೂ ಬಿಚ್ಚಿ ನೋಡೋರು," ಎಂದು ಸೇರಿಸಿದರು.

ಚಿಂತಾಮಣಿ ಮುಟ್ಟಿದಾಗ ಎರಡು ಗಂಟೆ. ಒಳಗೆ ಮೂವತ್ತು. ಸಾಬರ ಅಂಗಡಿ ಒಂದು ತಗಡಿನ ಶೆಡ್ಡು. ಬಿಳಿ ಗಡ್ಡ, ದಪ್ಪ ಕನ್ನಡಕ, ಆಸಿಡ್‌ನಿಂದ ತೂತುಬಿದ್ದ ಅಂಗಿ. ನಾನು ನೋಟ್‌ಬುಕ್ ತೆಗೆದು ಲೆಕ್ಕ ಓದಿದೆ. ಅವರು ಪೂರ್ತಿ ಕೇಳಿದರು. ಬೆಳಗಿನಿಂದ ಪೂರ್ತಿ ಕೇಳಿದವರು ಅವರೊಬ್ಬರೇ.

"ಲೆಕ್ಕ ಸರಿ ಐತೆ ಬೇಟಿ. ಮೊದ್ಲು ಹಳೇದು ತೋರ್ಸು. ಅದು ಯಾಕೆ ಸತ್ತಿತು ಅಂತ ತಿಳಿದೆ ನಾನು ಬೇರೆ ಕೊಡಲ್ಲ. ಇನ್ನೊಂದನ್ನೂ ಸಾಯಿಸ್ತೀಯ."

ಚಿಕ್ಕಪ್ಪ ಮತ್ತು ಅವರು ಸೇರಿ ಹಳೆಯ ಬ್ಯಾಟರಿಯನ್ನು ಹೊರಗೆ ತಂದರು. ಸಾಬರು ಒಂದೊಂದೇ ಮುಚ್ಚಳ ಬಿಚ್ಚಿದರು. ಗಾಜಿನ ನಳಿಗೆಯಲ್ಲಿ ಆಸಿಡ್ ಹೀರಿ ನೋಡಿದರು. ಒಳಗಿನ ತೇಲುಗುಂಡು ತಳದಲ್ಲೇ ಮಲಗಿತ್ತು. ಅವರು ಬಗ್ಗಿ ಮೂಸಿದರು, ಹಿಂದಕ್ಕೆ ಸರಿದರು, ಮತ್ತೆ ಮೂಸಿದರು. ಬೋಲ್ಟಿನ ಮೇಲಿನ ಬಿಳಿ ಪುಡಿಯನ್ನು ಬೆರಳಲ್ಲಿ ಉಜ್ಜಿದರು.

"ಇದೇನಮ್ಮಾ, ನೀರಿನ ಟ್ಯಾಂಕ್ ತೊಳೆದಂಗೆ ವಾಸ್ನೆ? ಬ್ಯಾಟ್ರಿಗೆ ಬ್ಲೀಚಿಂಗ್ ಹೊಡೀತೀರಾ?"

"ಪ್ರತಿ ಬೆಳೆಗೂ ಮೊದಲು ಗಾಡಿ ಪೂರ್ತಿ ಹೊಡೆಯುತ್ತೇವೆ," ಎಂದೆ. "ರೋಗ ಬರಬಾರದು ಅಂತ. ತಟ್ಟೆ, ಸ್ಟ್ಯಾಂಡು, ನೆಲ, ಪೆಟ್ಟಿಗೆ."

"ಪೆಟ್ಟಿಗೆ ಒಳಗೂ?"

"ಒಳಗೂ."

"ಮುಚ್ಚಳ ಬಿಗಿ ಇರ್ತಿತ್ತಾ?"

ಇರುತ್ತಿರಲಿಲ್ಲ. ಬ್ಯಾಟರಿಗೆ ನೀರು ತುಂಬುವುದೂ ಗಾಡಿ ಶುದ್ಧಿ ಮಾಡುವುದೂ ಒಂದೇ ದಿನ ಇಟ್ಟುಕೊಂಡಿದ್ದೆ, ಮರೆಯಬಾರದೆಂದು. ನೀರು ತುಂಬಿ, ಮುಚ್ಚಳಗಳನ್ನು ತೊಳೆದು, ಒಣಗಲಿ ಎಂದು ಸಡಿಲವಾಗಿ ಇಟ್ಟು, ಆಮೇಲೆ ಬ್ಲೀಚಿಂಗ್ ಪುಡಿಯ ನೀರನ್ನು ಮೂಲೆಮೂಲೆಗೂ ಸಿಂಪಡಿಸುತ್ತಿದ್ದೆ. ಬೇರೆಯವರು ಬಿಟ್ಟುಬಿಡುವ ಮೂಲೆಗಳನ್ನು ನಾನು ಬಿಡುತ್ತಿರಲಿಲ್ಲ. ಅದು ನನ್ನ ಹೆಮ್ಮೆ.

"ಬ್ಯಾಟ್ರಿ ಸತ್ತಿದ್ದು ಅದಕ್ಕೇ. ಆಸಿಡ್ ಮೇಲೆ ಬ್ಲೀಚಿಂಗ್ ಬಿದ್ರೆ ಏನ್ ಬರುತ್ತೆ ಬೇಟಿ? ನೀನು ಓದಿರೋಳು, ನೀನೇ ಹೇಳು."

ಕ್ಲೋರಿನ್. ಪಿಯುಸಿಯಲ್ಲಿ ಪರೀಕ್ಷೆಗೆ ಬರೆದ ಉತ್ತರ. ಗಾಳಿಗಿಂತ ಭಾರವಾದ ಅನಿಲ, ಕೆಳಗೆ ಇಳಿದು ನಿಲ್ಲುತ್ತದೆ. ಶುದ್ಧಿ ಮಾಡಿದ ಮೇಲೆ ದಿನಗಟ್ಟಲೆ ಗಾಡಿಯಲ್ಲಿ ನಿಲ್ಲುತ್ತಿದ್ದ ಆ ವಾಸನೆಯನ್ನು ನಾನು ಶುಚಿಯ ವಾಸನೆ ಎಂದುಕೊಂಡಿದ್ದೆ. ಪೆಟ್ಟಿಗೆಗೆ ಗಾಳಿಕಿಂಡಿ ಇದ್ದದ್ದು ಗಾಡಿಯ ಒಳಕ್ಕೆ.

ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುಗಿಸಿದೆ. ಎರಡನೇ ಬೆಳೆಯ ಪುಟದಲ್ಲಿ ನನ್ನದೇ ಅಕ್ಷರದಲ್ಲಿತ್ತು: ಸತ್ತವು ಹೆಚ್ಚು ಕೆಳಗಿನ ನಾಲ್ಕು ತಟ್ಟೆಗಳಲ್ಲಿ. ಅದರ ಮುಂದೆ ಬಾಣದ ಗುರುತು ಹಾಕಿ, ನಶ್ಯದವರ ಸೊಪ್ಪು ಎಂದು ಬರೆದು ಅಡಿಗೆರೆ ಎಳೆದಿದ್ದೆ. ಆ ಹೆಂಗಸು ಎಲ್ಲರಿಗಿಂತ ಮೊದಲು ಸೊಪ್ಪು ತರುತ್ತಿದ್ದರು. ಮೊದಲು ಬಂದ ಸೊಪ್ಪು ಕೆಳಗಿನ ತಟ್ಟೆಗಳಿಗೆ ಹೋಗುತ್ತಿತ್ತು. ಅಷ್ಟೆ.

"ಏನಾಯ್ತಮ್ಮ?" ಎಂದರು ಚಿಕ್ಕಪ್ಪ.

"ಏನಿಲ್ಲ," ಎಂದೆ. ನೋಟ್‌ಬುಕ್ ಮುಚ್ಚಿದೆ. ಈ ಬೆಳೆಗೂ ನಾನು ಅದೇ ಕ್ರಮದಲ್ಲಿ ಸಿಂಪಡಿಸಿದ್ದೆ. ಮೊಟ್ಟೆಗಳು ಅದೇ ಗಾಳಿಯಲ್ಲಿದ್ದವು.

ಸಾಬರು ಶೆಡ್ಡಿನ ಮೂಲೆಗೆ ಕರೆದೊಯ್ದರು. ಅಲ್ಲಿ ಬೂದು ಬಣ್ಣದ ಹತ್ತು ಡಬ್ಬಿಗಳು ಸಾಲಾಗಿದ್ದವು. ಮೊಬೈಲ್ ಟವರಿನಿಂದ ಬಿಚ್ಚಿದವು, ಒಂದೊಂದೂ ಎರಡು ವೋಲ್ಟಿನದು. ಆರು ಸೇರಿದರೆ ಒಂದು ಬ್ಯಾಟರಿ. ಮುಚ್ಚಳವೇ ಇಲ್ಲ, ನೀರು ಬೇಡ, ಎಂದಿನಂತೆ ಬಳಸಿದರೆ ಹೊಗೆ ಬಿಡುವುದಿಲ್ಲ. ಚಾರ್ಜು ಆಗಿಯೇ ಇದ್ದವು. ನಮ್ಮ ಪೆಟ್ಟಿಗೆಯಲ್ಲಿ ಸಾಲಾಗಿ ಕೂರುತ್ತವೆ. ಆದರೆ ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿಲ್ಲ.

"ಪರೀಕ್ಷೆ ಮಾಡಬಹುದಾ?"

"ಮಾಡ್ದೆ ಒಯ್ದರೆ ನಾನೇ ಬಯ್ತೀನಿ."

ಆರನ್ನು ಆರಿಸಿ ಜೋಡಿಸಿದೆವು, ಲಾರಿಯ ಎರಡು ಹೆಡ್‌ಲೈಟ್ ಬಲ್ಬು ತಗಲಿಸಿದೆವು. ಗಂಟೆ ನೋಡಿಕೊಂಡು ನಾನು ಮೀಟರು ಹಿಡಿದು ನೆಲದಲ್ಲಿ ಕೂತೆ. ಅತ್ತ ಚಿಕ್ಕಪ್ಪ ಹಿಂಬದಿಯ ರಸ್ತೆಯಲ್ಲಿ ಗಾಡಿಯನ್ನು ಸುತ್ತು ಹೊಡೆಸುತ್ತಿದ್ದರು. ಪ್ರತಿ ಸಲ ಶೆಡ್ಡಿನ ಮುಂದೆ ಹಾಯುವಾಗ ಕಿಟಕಿಯಿಂದ ಕೂಗುತ್ತಿದ್ದರು: "ಮೂವತ್ತು!" ಮತ್ತೊಂದು ಸುತ್ತು, "ಮೂವತ್ತೊಂದು!" ಸಾಬರು ಮೊದಲು ಅವರು ಯಾವುದೋ ಬೆಲೆ ಕೂಗುತ್ತಿದ್ದಾರೆ ಎಂದುಕೊಂಡು, "ಇನ್ನೂ ನಾನೇ ಹೇಳಿಲ್ಲ, ಅವರು ಯಾಕೆ ಏರಿಸ್ತಾ ಅವ್ರೆ?" ಎಂದು ಕೇಳಿದರು. ನನಗೆ ನಗು ಬರಬೇಕಿತ್ತು.

ಒಂದು ಗಂಟೆಯಲ್ಲಿ ಎರಡು ಡಬ್ಬಿಗಳು ಇಳಿದವು. ತೆಗೆದು ಬೇರೆ ಎರಡು ಹಾಕಿದೆವು. ಅವುಗಳಲ್ಲಿ ಒಂದು ನಿಂತಿತು, ಒಂದು ಇಳಿಯಿತು. ಮತ್ತೊಂದು ಹಾಕಿದೆವು. ಅದು ಹತ್ತೇ ನಿಮಿಷದಲ್ಲಿ ಇಳಿಯಿತು. ಉಳಿದದ್ದು ಹತ್ತನೆಯದು. ಅದು ಇಳಿಯಿತು, ಆದರೆ ನಿಧಾನವಾಗಿ. ನನಗೆ ಬೇಕಿದ್ದದ್ದು ಆರು. ಸಿಕ್ಕಿದ್ದು ಐದೂವರೆ.

"ಇದು ಕುಂಟು," ಎಂದರು ಸಾಬರು ಹತ್ತನೆಯದರ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕುತ್ತ. "ಸುಳ್ಳು ಹೇಳಲ್ಲ. ಆದರೆ ಕುಂಟು ಯಾವುದು ಅಂತ ನಿನಗೆ ಗೊತ್ತಿರುತ್ತಲ್ಲ, ಅದೊಂದೇ ಒಳ್ಳೇದು. ಕೊನೇಲಿ ಕೂರ್ಸು. ಗಂಟೆಗೊಂದು ಸಲ ಮೀಟರ್ ಇಡು. ಒಂದೂ ಮುಕ್ಕಾಲಿಗಿಂತ ಕೆಳಕ್ಕೆ ಹೋದ್ರೆ ಫ್ಯಾನ್ ನಿಲ್ಸಿಬಿಡು."

ಬೇರೆ ದಾರಿ ಇರಲಿಲ್ಲ. ಬೆಲೆಯ ಮಾತು ಚಿಕ್ಕಪ್ಪ ನೋಡಿಕೊಂಡರು. ನಾನು ಪೆಟ್ಟಿಗೆಯನ್ನು ಬರಿಯ ನೀರಿನಿಂದ ಮೂರು ಸಲ ತೊಳೆದು ಒರೆಸಿದೆ. ಒಳಕ್ಕಿದ್ದ ಗಾಳಿಕಿಂಡಿಯನ್ನು ಸಾಬರು ತಗಡು ಹೊಡೆದು ಮುಚ್ಚಿ, ತಳದಲ್ಲಿ ರಸ್ತೆಯ ಕಡೆಗೆ ಹೊಸ ತೂತು ಕೊರೆದುಕೊಟ್ಟರು.

ಹಿಂದಿರುಗುವಾಗ ಎಲ್ಲವನ್ನೂ ಚಿಕ್ಕಪ್ಪನಿಗೆ ಹೇಳಿದೆ. ನಂದಿಯ ಕಡೆಯ ಬೆಟ್ಟಗಳು ಎಡಗಡೆ ಕಂಡು ಹಿಂದೆ ಹೋದವು. ಆಮೇಲೆ, "ಆಯಮ್ಮಂಗೆ ಹೇಳ್ತೀಯಾ?" ಎಂದರು.

"ಹೇಳಬೇಕು."

"ಹೇಳು. ಆದ್ರೆ ಸೊಪ್ಪು ಹಾಕಿದ್ಮೇಲೆ ಹೇಳು. ಮೊದ್ಲೇ ಹೇಳ್ಬೇಡ ಕಣಮ್ಮ."

ಅವರು ಹೇಳಿದ್ದು ಸರಿಯಾದ ಮಾತು. ಒಡೆದು ಬಂದ ಮರಿ ಎರಡು ಮೂರು ಗಂಟೆಯಲ್ಲಿ ತಿನ್ನಬೇಕು. ಎಳೆ ಸೊಪ್ಪು ಇದ್ದದ್ದು ಆ ಹೆಂಗಸಿನ ತೋಟದಲ್ಲಿ ಮಾತ್ರ.

ಗುರುವಾರ ಬೆಳಿಗ್ಗೆ ಆರಕ್ಕೆ ಕಪ್ಪು ಕಾಗದ ಬಿಚ್ಚಿದೆ. ಫ್ಯಾನುಗಳು ಓಡುತ್ತಿದ್ದವು. ಇಪ್ಪತ್ತೈದೂವರೆ. ಕುಂಟು ಡಬ್ಬಿ ಎರಡು ವೋಲ್ಟಿಗೆ ಸ್ವಲ್ಪ ಕೆಳಗೆ. ಮೊಟ್ಟೆ ಹಾಳೆಗಳ ಮೇಲೆ ಬೆಳಕು ಬಿತ್ತು. ಏನೂ ಆಗಲಿಲ್ಲ. ಆರೂ ಕಾಲಾಯಿತು. ಆರೂವರೆಯಾಯಿತು. ಚಿಕ್ಕಪ್ಪ ಬಾಗಿಲ ಮೆಟ್ಟಿಲಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದರು. ನಾನು ಭೂತಗನ್ನಡಿಯನ್ನು ಒಂದು ಹಾಳೆಯಿಂದ ಇನ್ನೊಂದಕ್ಕೆ ಸರಿಸುತ್ತ ಹೋದೆ. ಕೊನೆಯ ಹಾಳೆಯ ಮೇಲಿನ ಮೂಲೆಯಲ್ಲಿ ಒಂದು ಕಪ್ಪು ಎಳೆ ಅಲುಗಿತು. ಅದರ ಪಕ್ಕ ಇನ್ನೊಂದು. ಏಳು ಗಂಟೆಯ ಹೊತ್ತಿಗೆ ಹಾಳೆಗಳು ಇರುವೆ ಮುತ್ತಿದಂತೆ ಕಪ್ಪಾಗುತ್ತಿದ್ದವು. ಎಲ್ಲ ಅಲ್ಲ. ನಾನು ಅಂದಾಜು ಮಾಡಿದೆ: ಹತ್ತರಲ್ಲಿ ಏಳು. ಉಳಿದ ಮೂರು ಪಾಲು ಸೆಕೆಗೋ ಅನಿಲಕ್ಕೋ ಹೋದವು ಎಂದು ಇವತ್ತಿಗೂ ನನಗೆ ತಿಳಿಯದು.

ಏಳೂ ಕಾಲಿಗೆ ಆ ಹೆಂಗಸು ಬುಟ್ಟಿ ಹೊತ್ತು ಬಂದರು. ಒದ್ದೆ ಬಟ್ಟೆ ಮುಚ್ಚಿದ ಎಳೆ ಸೊಪ್ಪು. "ಒಡೀತೇನಮ್ಮಾ?" ಎಂದರು.

ಚಿಕ್ಕಪ್ಪ ನನ್ನ ಕಡೆ ನೋಡಿದರು. ನಾನು ಬುಟ್ಟಿ ತೆಗೆದುಕೊಳ್ಳಲು ಕೈ ಚಾಚಿದೆ. ಆ ಬುಟ್ಟಿ ನನ್ನ ಕೈಗೆ ಬಂದ ಮೇಲೆ ಹೇಳಿದರೆ ನಾನು ಅದಕ್ಕಾಗಿ ಕಾದಿದ್ದೆ ಎಂದು ಅವರಿಗೆ ತಿಳಿಯುತ್ತದೆ ಎನ್ನಿಸಿತು. ಕೈ ಹಿಂದಕ್ಕೆ ತೆಗೆದುಕೊಂಡೆ.

"ಹೋದ ಸಲ ಹುಳ ಸತ್ತಿದ್ದು ನಿಮ್ಮ ನಶ್ಯದಿಂದ ಅಲ್ಲಮ್ಮ. ನನ್ನಿಂದ," ಎಂದೆ. ಬ್ಯಾಟರಿ, ಬ್ಲೀಚಿಂಗ್, ಕೆಳಗಿನ ತಟ್ಟೆ, ಎಲ್ಲವನ್ನೂ ಹೇಳಿದೆ. ನಾಲ್ಕೈದು ವಾಕ್ಯದಲ್ಲಿ ಮುಗಿಯಿತು.

ಅವರು ಬುಟ್ಟಿ ಇಳಿಸಿ ನೆಲದ ಮೇಲಿಟ್ಟರು. ಸೊಂಟ ತಡವಿಕೊಂಡರು. ಅಲ್ಲಿ ನಶ್ಯದ ಡಬ್ಬಿ ಇರಲಿಲ್ಲ. ನಾನು ಅದನ್ನು ಆಗ ಗಮನಿಸಿದೆ.

"ಮೂರು ತಿಂಗ್ಳಾಯ್ತು ಬಿಟ್ಟು," ಎಂದರು. "ನಮ್ಮಮ್ಮ ಸತ್ತಾಗಲೂ ಬಿಟ್ಟಿರಲಿಲ್ಲ. ತಲೆನೋವಲ್ಲಿ ಗೋಡೆಗೆ ಹಣೆ ಒತ್ಕೊಂಡು ಮಲಗಿದ್ದೀನಿ. ಅಷ್ಟು ಜೀವ ನನ್ನ ಕೈಯಾಗೆ ಹೋಯ್ತಲ್ಲಾ ಅಂತ." ಮತ್ತೆ ಬುಟ್ಟಿಯನ್ನು ಎತ್ತಿಕೊಂಡು, ಬಂದ ದಾರಿಯಲ್ಲೇ ತೋಟದೊಳಕ್ಕೆ ಹೋಗಿಬಿಟ್ಟರು.

ಚಿಕ್ಕಪ್ಪ ನನ್ನನ್ನು ಬಯ್ಯಲಿಲ್ಲ. ಒಳಗೆ ಮರಿಗಳು ತಲೆ ಎತ್ತಿ ಗಾಳಿಯಲ್ಲಿ ಹುಡುಕುತ್ತಿದ್ದವು. ಹಸಿದ ಹುಳು ಹಾಗೆ ಮಾಡುತ್ತದೆ. ನಾನು ಗಂಟೆ ನೋಡಿದೆ, ಮೀಟರು ಇಟ್ಟೆ, ಥರ್ಮಾಮೀಟರು ನೋಡಿದೆ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಎಂಟಾಯಿತು. ಎಂಟೂ ಕಾಲಾಯಿತು. ಎಲ್ಲ ಅಂಕಿಗಳೂ ಸರಿಯಾಗಿದ್ದವು. ಅವುಗಳಿಂದ ಒಂದು ಹುಳುವಿನ ಹೊಟ್ಟೆಯೂ ತುಂಬುವಂತಿರಲಿಲ್ಲ.

ಎಂಟೂವರೆಗೆ ತೋಟದ ಸಾಲುಗಳ ನಡುವೆ ಸೀರೆಗಳು ಕಂಡವು. ಐದು ಜನ. ಬುಟ್ಟಿ ಹೊತ್ತ ಅವರು, ಅವರ ಹಿಂದೆ ಅವತ್ತಿದ್ದ ಅದೇ ನಾಲ್ವರು. ಒಬ್ಬರ ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿ‌ಕೊಂಡಿತ್ತು. ಒಲೆ ಮುಂದಿನಿಂದ ಎಬ್ಬಿಸಿ ಕರೆತಂದಿದ್ದರು.

"ಅವತ್ತು ಇವರೆಲ್ಲರ ಎದುರಿಗೆ ಅಂದೆ," ಎಂದರು ಅವರು. "ಇವತ್ತೂ ಇವರೆಲ್ಲರ ಎದುರಿಗೇ ಅನ್ನು. ನನ್ನೊಬ್ಬಳ ಕಿವೀಲಿ ಹೇಳಿದ್ರೆ ನನಗೇನು ಬಂತು?"

ನಾನು ಗಾಡಿಯಿಂದ ಕೆಳಗಿಳಿದೆ. ವಿಶ್ವವಿದ್ಯಾಲಯದಲ್ಲಿ ಸಭೆಯ ಮುಂದೆ ಪ್ರಬಂಧ ಓದಿದವಳು ನಾನು. ಅವತ್ತು ಐದು ಜನರ ಮುಂದೆ ನೆಲ ನೋಡಿಕೊಂಡು ನಿಂತೆ. ಹೇಳಿದೆ. ಕ್ಲೋರಿನ್ ಎಂದರೆ ತಿಳಿಯಲಾರದು ಎಂದು, ವಿಷದ ಗಾಳಿ ಎಂದೆ, ಅದನ್ನು ಮಾಡಿದ್ದು ನಾನು ಎಂದೆ.

"ಗಟ್ಟಿಯಾಗಿ ಹೇಳಮ್ಮ. ಅವತ್ತು ಚೆನ್ನಾಗೇ ಕೇಳಿಸಿತ್ತು," ಎಂದರು ಹಿಟ್ಟಿನ ಕೈಯವರು.

ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ.

ನಾಲ್ವರಲ್ಲಿ ಒಬ್ಬರು, "ಅಯ್ಯೋ ದೇವುಡಾ! ಇಷ್ಟು ದಿನ ನಾವೂ ಆಯಕ್ಕನ ಕೈಯಿಂದ ಅರಿಶಿನ ಕುಂಕುಮ ಈಸ್ಕೊಳ್ಳೋಕೂ ಹಿಂದೆಮುಂದೆ ನೋಡಿದ್ವಲ್ಲೇ," ಎಂದರು. ಅದು ನನಗೆ ಗೊತ್ತಿರಲಿಲ್ಲ. ನಾನು ಹೇಳಿದ ಒಂದು ಮಾತು ಮೂರು ತಿಂಗಳು ಈ ಊರಿನಲ್ಲಿ ಹೀಗೆ ಓಡಾಡಿತ್ತು.

ಆ ಹೆಂಗಸು ಬುಟ್ಟಿಯನ್ನು ನನ್ನ ಕೈಗಿಟ್ಟರು. ಗಾಡಿಯ ಹೊರಗೆ ಕೈ ತೊಳೆದುಕೊಂಡು, ಹಲಗೆ ತೆಗೆದುಕೊಂಡು, ಸೊಪ್ಪನ್ನು ಸಣ್ಣಗೆ ಹೆಚ್ಚಲು ತಾವೇ ಕುಳಿತರು. ನನಗಿಂತ ಸಣ್ಣಗೆ ಹೆಚ್ಚುತ್ತಿದ್ದರು. ನಾನು ತಟ್ಟೆತಟ್ಟೆಗೂ ಉದುರಿಸಿದೆ, ಮೊದಲು ಕೆಳಗಿನ ನಾಲ್ಕಕ್ಕೆ. ಕಪ್ಪು ಎಳೆಗಳು ಹಸಿರಿನ ಮೇಲೆ ಹತ್ತಿದವು.

ಎಲ್ಲ ಮುಗಿದ ಮೇಲೆ ಅವರು ಹಿಟ್ಟಿನ ಕೈಯವರ ಕಡೆ ಕೈ ಚಾಚಿದರು. ಆಕೆ ಸೊಂಟದಿಂದ ಒಂದು ನಶ್ಯದ ಡಬ್ಬಿ ತೆಗೆದು ಕೊಟ್ಟರು. ಇದಕ್ಕೆಂದೇ ಮನೆಯಿಂದ ತಂದಿದ್ದರೆಂದು ಕಾಣುತ್ತದೆ.

"ಈಗ ಹೇಳಮ್ಮಾ ಲೆಕ್ಕದೋಳೆ," ಎಂದರು ಅವರು. "ಎಷ್ಟು ದೂರ ಹೋಗಿ ಹಾಕ್ಕೋಬೇಕು?"

ಸುಮ್ಮನಿರಬೇಕಿತ್ತೋ ಏನೋ. ಆದರೆ ನಶ್ಯ ಹುಳುವಿಗೆ ವಿಷವೆಂಬುದು ಈಗಲೂ ನಿಜವೇ ಆಗಿತ್ತು. ಒಳಗೆ ಮರಿಗಳು ಮೊದಲ ಸಲ ತಿನ್ನುತ್ತಿದ್ದವು, ಐದೂವರೆ ಡಬ್ಬಿಗಳ ಗಾಳಿಯಲ್ಲಿ. ನಾನು ಒಂದು ಎಲೆ ಹಿಡಿದು ಗಾಳಿಯ ದಿಕ್ಕು ನೋಡಿದೆ.

"ಆ ಕಡೆ ಐವತ್ತು ಹೆಜ್ಜೆ," ಎಂದೆ. "ಬರುವಾಗ ಕೈ ಸೋಪು ಹಾಕಿ ತೊಳೆಯಬೇಕು."

"ನೋಡ್ರೇ, ಇನ್ನೂ ಬಿಡಲ್ಲ ಇವಳು!" ಎಂದು ಅವರು ಸೆರಗು ಸಿಕ್ಕಿಸಿಕೊಂಡು ಹೊರಟರು. ಒಂದು, ಎರಡು, ಮೂರು ಎಂದು ಊರಿಗೆಲ್ಲ ಕೇಳುವಂತೆ ಎಣಿಸುತ್ತ ಹೋದರು. ಐವತ್ತಾದ ಮೇಲೂ ಇನ್ನೊಂದಷ್ಟು ಹೆಜ್ಜೆ ನಡೆದು, ನನ್ನ ಕಡೆ ತಿರುಗಿ, ಸಾಕೇ ಎಂಬಂತೆ ಕೈ ಎತ್ತಿದರು. ನಾನೂ ಕೈ ಎತ್ತಿದೆ. ಆಮೇಲೆ ಕುಂಟು ಡಬ್ಬಿಗೆ ಮೀಟರು ಇಡಲು ಒಳಗೆ ಹೋದೆ. ಗಂಟೆಯಾಗಿತ್ತು.